ಜ್ವರ ಬಿಟ್ಟ ಮೇಲೆ ಉಳಿಯುವ ದಣಿವು

(ಹನುಮಸಾಗರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹರೂಪ)



ಈ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ವೈದ್ಯರೊಬ್ಬರನ್ನೇ ಕರೆಯಬಹುದಲ್ಲ ಎಂದು ಹೇಳಿದ್ದೆ. "ಜ್ವರದ ಬಗ್ಗೆ ಹೇಳಲು ವೈದ್ಯರಿದ್ದಾರೆ. ಜ್ವರ ಬಿಟ್ಟ ಮೇಲೂ ಹೊಲಕ್ಕೆ ಹೋಗಲಾಗದೆ ಕೂತವರ ಬಗ್ಗೆ ಹೊಲ ಬಲ್ಲವರು ಮಾತಾಡಲಿ" ಎಂಬ ಉತ್ತರ ಬಂತು. ಆ ಮಾತಿನಲ್ಲಿ ಹುರುಳಿದೆ ಎನಿಸಿ ಬಂದಿದ್ದೇನೆ. ನಾನು ಮಲೆನಾಡಿನ ವಾಸಿ, ಕೃಷಿ ವಿಜ್ಞಾನದ ವಿದ್ಯಾರ್ಥಿ. ನಾನು ಬಲ್ಲ ವೈರಸ್ಸುಗಳು ಬಹುಮಟ್ಟಿಗೆ ಗಿಡಗಳವು. ಆದ್ದರಿಂದ ಗಿಡದಿಂದಲೇ ಆರಂಭಿಸುತ್ತೇನೆ.

ಇಲ್ಲಿರುವ ರೈತರಿಗೆ ತೊಗರಿಯ ಗೊಡ್ಡು ರೋಗ ಚೆನ್ನಾಗಿ ಗೊತ್ತು. ಆ ರೋಗ ತಗಲಿದ ಗಿಡ ಒಣಗುವುದಿಲ್ಲ, ಸಾಯುವುದೂ ಇಲ್ಲ. ಎಲೆ ಕಿರಿದಾಗಿ ತಿಳಿಹಸಿರು ಮಚ್ಚೆಗಳು ಮೂಡುತ್ತವೆ, ಗಿಡ ಪೊದೆಯಂತೆ ಬೆಳೆಯುತ್ತದೆ. ದಾರಿಯಲ್ಲಿ ಹೋಗುವವನು ನೋಡಿದರೆ "ಎಷ್ಟು ಹಸಿರಾಗಿದೆ" ಎಂದಾನು. ಆದರೆ ಅದು ಹೂ ಬಿಡದು, ಕಾಯಿ ಕಟ್ಟದು. ಬಿಹಾರದ ಪೂಸಾದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದ್ದು 1931ರಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಇದನ್ನು ಹರಡುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೆ ನುಸಿಯ ಮೂಲಕ ಗಿಡದೊಳಗೆ ಸೇರುವ ವೈರಸ್ ಯಾವುದೆಂದು ಗುರುತಿಸುವ ಹೊತ್ತಿಗೆ 2000ನೆಯ ಇಸವಿ ಬಂದಿತ್ತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ವಿದೇಶದ ಸಹೋದ್ಯೋಗಿಗಳೊಡನೆ ಸೇರಿ ಅದನ್ನು ಕಂಡುಹಿಡಿದರು. ಹೆಚ್ಚುಕಡಿಮೆ ಎಪ್ಪತ್ತು ವರ್ಷ ಕಾರಣ ಗೊತ್ತಿಲ್ಲದ ರೋಗವಾಗಿತ್ತು ಅದು. ಆ ಎಪ್ಪತ್ತು ವರ್ಷಗಳಲ್ಲಿ ಯಾವ ರೈತನೂ ತನ್ನ ತೊಗರಿ ಗಿಡವನ್ನು ಮೈಗಳ್ಳ ಎಂದು ಬೈಯಲಿಲ್ಲ, ನಾಟಕ ಮಾಡುತ್ತಿದೆ ಎನ್ನಲಿಲ್ಲ. ಗಿಡಕ್ಕೆ ರೋಗ ಬಂದಿದೆ ಎಂದೇ ತಿಳಿದ.

ಮನುಷ್ಯರ ವಿಷಯಕ್ಕೆ ಬಂದಾಗ ಈ ಔದಾರ್ಯ ನಮಗೇಕೆ ಇರುವುದಿಲ್ಲ? ಜ್ವರ ಇಳಿದಿದೆ, ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್ಲವೂ ಸರಿಯಾಗಿದೆ, ಮುಖದಲ್ಲಿ ಕಳೆಯೂ ಇದೆ. ಆದರೂ ಬೆಳಿಗ್ಗೆ ಎದ್ದು ಎರಡು ಕೊಡ ನೀರು ತರುವಷ್ಟರಲ್ಲಿ ಮೈ ನಡುಗುತ್ತದೆ ಎಂದು ಸೊಸೆ ಹೇಳಿದರೆ, ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಇಂದು ನಾನು ಮಾತನಾಡಬೇಕಾದದ್ದು ಆ ನೋಟದ ಬಗ್ಗೆ.

ಈ ಸೀಮೆಗೆ ಇದು ಹೊಸತಲ್ಲ. ನಡುವಯಸ್ಸು ದಾಟಿದವರೆಲ್ಲ 2006ನ್ನು ನೆನಪಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಚಿಕುನ್‌ಗುನ್ಯಾ ಮೊದಲು ಕಾಣಿಸಿದ್ದು 1963ರಲ್ಲಿ, ಕಲ್ಕತ್ತೆಯಲ್ಲಿ. ಬಳಿಕ ಮದ್ರಾಸು, ನಾಗಪುರಗಳಿಗೂ ಹಬ್ಬಿತು. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿದ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಅದರ ದೊಡ್ಡ ಸುದ್ದಿ ಇರಲಿಲ್ಲ. 2005ರ ಕೊನೆಗೆ ಆಂಧ್ರ, ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದಲ್ಲಿ ಮರಳಿ ತಲೆಯೆತ್ತಿತು. 2006ರಲ್ಲಿ ದೇಶದಾದ್ಯಂತ ವರದಿಯಾದ ಶಂಕಿತ ಪ್ರಕರಣಗಳು ಹದಿಮೂರು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಅಂದರೆ ಏಳೂವರೆ ಲಕ್ಷಕ್ಕೂ ಮಿಕ್ಕಿದ್ದು, ಕರ್ನಾಟಕ ಒಂದರದೇ. ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಾಪುರ ಕಡೆಯ ಹಳ್ಳಿಗಳಲ್ಲಿ ಮನೆಮನೆಯೂ ಆಸ್ಪತ್ರೆಯಾಗಿತ್ತು. ಹೆಸರಿನ ಮೊದಲ ಅಕ್ಷರಗಳನ್ನು ಕೇಳಿ ಕೋಳಿಯಿಂದ ಬಂದ ರೋಗ ಎಂದುಕೊಂಡು ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ವಾಸ್ತವವಾಗಿ ಆ ಹೆಸರು ಆಫ್ರಿಕದ ತಾಂಜಾನಿಯಾದ ಮಾಕೊಂಡೆ ಜನರ ನುಡಿಯಿಂದ ಬಂದದ್ದು. 1952–53ರಲ್ಲಿ ಅವರ ನಾಡಿನಲ್ಲಿ ಈ ರೋಗವನ್ನು ಮೊದಲ ಬಾರಿಗೆ ಗುರುತಿಸಲಾಯಿತು. 'ಬಾಗಿಸುವುದು' ಎಂಬುದು ಅದರ ಸುಮಾರಾದ ಅರ್ಥ. ಕೋಲೂರಿ ಬಾಗಿ ನಡೆದವರನ್ನು ನೋಡಿಯೇ ಅವರು ಆ ಹೆಸರಿಟ್ಟರು.

ಜ್ವರ ಇರುತ್ತಿದ್ದುದು ಮೂರೋ ನಾಲ್ಕೋ ದಿನ. ಸರ್ಕಾರದ ಲೆಕ್ಕ ಬರೆದುಕೊಂಡದ್ದು ಆ ಮೂರು ನಾಲ್ಕು ದಿನಗಳನ್ನು ಮಾತ್ರ. ಅನಂತರದ ತಿಂಗಳುಗಳು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಬೆರಳುಗಳ ಗೆಣ್ಣು ಮಡಚದೆ ಜೋಳದ ರೊಟ್ಟಿ ಬಡಿಯಲಾಗದ ತಾಯಂದಿರು, ಕುಂಟೆ ಹಿಡಿಯಲಾಗದೆ ಆಳು ಹುಡುಕಿದ ರೈತರು, ಒಂದು ದಿನ ಕೂಲಿಗೆ ಹೋಗಿ ಮೂರು ದಿನ ಮಲಗಿದವರು, ಇವರೆಲ್ಲ ಆಸ್ಪತ್ರೆಯ ಪುಸ್ತಕದಲ್ಲಿ 'ಗುಣಮುಖರು'. ಮುಂಗಾರಿನ ಹೆಸರು, ಸಜ್ಜೆ ಬಿತ್ತುವ ಹದಕ್ಕೆ ಸರಿಯಾಗಿ ಊರಿಗೆ ಊರೇ ಕಸುವು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

'ಕಸುವು' ಎಂದೆ. ನಿಮ್ಮ ಭಾಗದ ಈ ಮಾತು ನನಗೆ ಬಹಳ ಇಷ್ಟ. ನಮ್ಮ ಕಡೆ 'ಸುಸ್ತು', 'ನಿತ್ರಾಣ' ಎನ್ನುತ್ತೇವೆ. ನೀವು "ಮೈಯಾಗ ಕಸುವಿಲ್ರಿ" ಎನ್ನುತ್ತೀರಿ, ಅದರ ಬೆನ್ನಿಗೇ "ಜೀವಕ್ಕ ಬ್ಯಾಸರ ಆಗೇತಿ" ಎಂದೂ ಸೇರಿಸುತ್ತೀರಿ. ಮೊದಲನೆಯದು ದೇಹದ ಮಾತು, ಎರಡನೆಯದು ಮನಸ್ಸಿನದು. ಜನ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ, ಆದರೆ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳಿಸಿಕೊಳ್ಳುವವರು ಎರಡನ್ನೂ ಕಲಸಿ 'ಸೋಮಾರಿತನ' ಎಂಬ ಒಂದೇ ಹೆಸರು ಕೊಟ್ಟುಬಿಡುತ್ತಾರೆ.

ವಿಜ್ಞಾನ ಇದಕ್ಕೆ ಏನು ಹೇಳುತ್ತದೆ? ಆಸ್ಟ್ರೇಲಿಯಾದಲ್ಲಿ ಡಬ್ಬೋ ಎಂಬ ಊರಿದೆ, ಸುತ್ತಲೂ ಕುರಿ, ಗೋದಿಯ ಸೀಮೆ. ಅಲ್ಲಿನ ವೈದ್ಯರು ಮೂರು ಬೇರೆ ಬೇರೆ ಸೋಂಕು ತಗಲಿದ 253 ಮಂದಿಯನ್ನು ರೋಗದ ಆರಂಭದಿಂದ ಒಂದು ವರ್ಷದವರೆಗೆ ಹಿಂಬಾಲಿಸಿದರು. ಅವುಗಳಲ್ಲಿ ಒಂದು ರಾಸ್ ರಿವರ್ ವೈರಸ್, ಸೊಳ್ಳೆಯಿಂದ ಹರಡುವ, ನಮ್ಮ ಚಿಕುನ್‌ಗುನ್ಯಾದ ಹತ್ತಿರದ ನೆಂಟ. ಫಲಿತಾಂಶ ಪ್ರಕಟವಾದದ್ದು 2006ರಲ್ಲೇ, ಅಂದರೆ ನಮ್ಮಲ್ಲಿ ಜನ ಬಾಗಿ ನಡೆಯುತ್ತಿದ್ದ ವರ್ಷವೇ. ಆರು ತಿಂಗಳ ಬಳಿಕವೂ ನೂರಕ್ಕೆ ಸುಮಾರು ಹನ್ನೆರಡು ಮಂದಿಗೆ ದಿನದ ಕೆಲಸ ಕೆಡಿಸುವಷ್ಟು ದಣಿವು ಉಳಿದಿತ್ತು. ಸೋಂಕು ಯಾವುದೇ ಇರಲಿ, ಪ್ರಮಾಣ ಹೆಚ್ಚುಕಡಿಮೆ ಒಂದೇ. ಮುಖ್ಯವಾದ ಮಾತು ಇನ್ನೊಂದಿದೆ. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಸೂಚಿಸಿದ್ದು ಅವರ ಸ್ವಭಾವವಲ್ಲ, ಹಿಂದೆ ಇದ್ದಿರಬಹುದಾದ ಮನೋವ್ಯಾಕುಲವೂ ಅಲ್ಲ. ಆರಂಭದ ಜ್ವರ ಎಷ್ಟು ತೀವ್ರವಾಗಿತ್ತು ಎಂಬುದು. ಅಳ್ಳೆದೆಯವರಿಗೆ ಬರುವ ಕಾಯಿಲೆ ಎಂಬ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ.

2020ರ ಬಳಿಕ ಕೋವಿಡ್ ಇದೇ ಪಾಠವನ್ನು ಇಡೀ ಜಗತ್ತಿಗೆ ಹೇಳಿತು. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯೆ ಕೊಟ್ಟಿತು: ಸೋಂಕಿನಿಂದ ಮೂರು ತಿಂಗಳೊಳಗೆ ಕಾಣಿಸಿಕೊಂಡು, ಕನಿಷ್ಠ ಎರಡು ತಿಂಗಳು ಉಳಿದು, ಬೇರೆ ರೋಗದಿಂದ ವಿವರಿಸಲಾಗದ ತೊಂದರೆ. ದಣಿವು, ಏದುಸಿರು, ನೆನಪು ಮತ್ತು ಗಮನ ಮಸುಕಾಗುವುದು ಅದರ ಪ್ರಮುಖ ಲಕ್ಷಣಗಳು. ವೈರಸ್ಸಿನ ಚೂರುಗಳು ದೇಹದಲ್ಲಿ ಉಳಿಯುವುದು, ರೋಗನಿರೋಧಕ ವ್ಯವಸ್ಥೆ ಯುದ್ಧ ಮುಗಿದರೂ ಆಯುಧ ಕೆಳಗಿಡದಿರುವುದು, ಎದೆಬಡಿತ ಮತ್ತು ರಕ್ತದೊತ್ತಡವನ್ನು ನಿಯಂತ್ರಿಸುವ ನರಗಳು ಹದ ತಪ್ಪುವುದು, ಹೀಗೆ ಹಲವು ಕಾರಣಗಳನ್ನು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಒಂದೇ ಕಾರಣ ಎಂದು ತೀರ್ಮಾನವಾಗಿಲ್ಲ. ತೊಗರಿಯ ನಂಜು ಸಿಗಲು ಎಪ್ಪತ್ತು ವರ್ಷ ಬೇಕಾಯಿತು ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನೆನೆದುಕೊಳ್ಳಬೇಕು.

ಇತಿಹಾಸದ ಒಂದು ಘಟನೆಯನ್ನು ಹೇಳಲೇಬೇಕು, ಕೃಷಿಕರಿಗೆ ಅದು ಬೇಗ ಮನಮುಟ್ಟುತ್ತದೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿ ನಮ್ಮ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದೇ ಮಾರಿ ಇಂದಿನ ತಾಂಜಾನಿಯಾದ ನೈರುತ್ಯ ಭಾಗಕ್ಕೂ ಹೋಯಿತು. ಆ ವರ್ಷದ ಕೊನೆಗೆ ಅಲ್ಲಿ ಮಳೆ ಬಂತು, ನೆಲವೂ ಇತ್ತು, ಬದುಕುಳಿದ ಜನರೂ ಇದ್ದರು. ಆದರೆ ಜ್ವರದಿಂದ ಎದ್ದವರ ಮೈಯಲ್ಲಿ ಬಿತ್ತುವ ಕಸುವು ಉಳಿದಿರಲಿಲ್ಲ. ಹದ ತಪ್ಪಿತು, ಬರ ಬಿತ್ತು. ಬಾಳೆಯಂಥ ಗಿಡಗಳ ಬುಡ ಅಗೆದು ಗಡ್ಡೆ ತಿಂದು ಜೀವ ಹಿಡಿದುಕೊಂಡರು. ಅದಕ್ಕೆ 'ಗಡ್ಡೆಗಳ ಬರ' ಎಂದೇ ಹೆಸರಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಮಳೆ ಬಂದೂ ಬಿದ್ದ ಬರ ಅದು. ದಣಿವನ್ನು ಒಬ್ಬೊಬ್ಬರ ಖಾಸಗಿ ದೂರು ಎಂದು ತಿಳಿದವರು ಇದನ್ನು ಯೋಚಿಸಬೇಕು.

ನಮ್ಮ ಮಲೆನಾಡಿನಲ್ಲೂ ಇಂಥದೊಂದು ಕಾಯಿಲೆ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಬೆಳಕಿಗೆ ಬಂದದ್ದರಿಂದ ಇದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಕಾಡಿನ ಉಣುಗು ಕಚ್ಚಿ ಹರಡುತ್ತದೆ. ನವೆಂಬರ್–ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ. ಅಡಿಕೆ ಕೊಯ್ಲು, ದರಗು ಗುಡಿಸುವುದು, ಸೌದೆ ತರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಪತ್ರಿಕೆಗಳು ಸಾವನ್ನು ಬರೆಯುತ್ತವೆ, ಬರೆಯಲೇಬೇಕು. ಆದರೆ ಉಳಿದ ತೊಂಬತ್ತೈದು ಮಂದಿ ಚೇತರಿಸಿಕೊಳ್ಳಲು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಮೂರನೆಯ ವಾರದಲ್ಲಿ ಜ್ವರ ಮರುಕಳಿಸಿ ತಲೆನೋವು, ನಡುಕ, ಬುದ್ಧಿಯ ಗೊಂದಲ ಉಂಟಾಗುವುದೂ ಇದೆ. ಕಾಡನ್ನು ಅಲ್ಲಲ್ಲಿ ಕಡಿದು, ಹರಿದು ಹಂಚಿ, ಜಾನುವಾರು ಮತ್ತು ಜನ ಉಣುಗಿನ ತಾವಿಗೇ ಇಳಿಯುವಂತೆ ಮಾಡಿದ್ದರಲ್ಲಿ ಈ ಕಾಯಿಲೆಯ ಬೇರಿದೆ ಎಂಬುದು ನಮ್ಮ ಬಳಗ ಬಹುಕಾಲದಿಂದ ಹೇಳುತ್ತ ಬಂದ ಮಾತು. ನಿಮ್ಮಲ್ಲಿ ಕಾಡಿಲ್ಲ, ಕಲ್ಲುಗುಡ್ಡಗಳಿವೆ. ನಿಮ್ಮ ರೋಗ ಬರುವುದು ನೀರಿನ ಕೊರತೆಯ ದಾರಿಯಿಂದ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಮುಖ್ಯ ಪ್ರಶ್ನೆ. ಹೀಗೆ ದಣಿದವರು ಮಾಡಬೇಕಾದದ್ದೇನು?

ಬೇಸಗೆಯ ಬಾವಿಯನ್ನು ನೆನೆದುಕೊಳ್ಳಿ. ಒರತೆ ಸಣ್ಣಗಿದೆ. ಒಂದು ತಾಸು ಪಂಪು ಓಡಿಸಿದರೆ ನೀರು ತಳ ಮುಟ್ಟುತ್ತದೆ. ತಿಳಿದವನು ನಿಲ್ಲಿಸುತ್ತಾನೆ, ಒರತೆ ಏರುವವರೆಗೆ ಕಾಯುತ್ತಾನೆ, ಮತ್ತೆ ಮುಕ್ಕಾಲು ತಾಸು ಓಡಿಸುತ್ತಾನೆ. ತಿಳಿಯದವನು ಕೆಸರು ಬರುವವರೆಗೆ ಎಳೆಯುತ್ತಾನೆ, ಮೋಟಾರು ಸುಡುತ್ತದೆ. ವೈರಸ್ ಜ್ವರದ ಬಳಿಕ ದೇಹದ ಒರತೆ ಸಣ್ಣದಾಗಿರುತ್ತದೆ. ಒಂದು ದಿನ ಹುಮ್ಮಸ್ಸು ಬಂತೆಂದು ಹೊಲದ ಕೆಲಸವೆಲ್ಲ ಮಾಡಿದರೆ, ಮರುದಿನವೋ ಅದರಾಚೆಯ ದಿನವೋ ಹಾಸಿಗೆ ಹಿಡಿಯಬೇಕಾಗುತ್ತದೆ. ಪೆಟ್ಟು ಒಂದು ದಿನ ತಡವಾಗಿ ಬೀಳುವುದು ಈ ದಣಿವಿನ ಗುರುತು. ಸಾಮಾನ್ಯ ದಣಿವು ಒಂದು ರಾತ್ರಿಯ ನಿದ್ರೆಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಹಿಂದೆ ಇಂಥ ರೋಗಿಗಳಿಗೆ ದಿನದಿನವೂ ಕಡ್ಡಾಯವಾಗಿ ವ್ಯಾಯಾಮ ಹೆಚ್ಚಿಸುತ್ತ ಹೋಗಲು ಹೇಳುತ್ತಿದ್ದರು. ದೀರ್ಘಕಾಲದ ದಣಿವಿನ ರೋಗದಲ್ಲಿ ಆ ಕ್ರಮ ಬೇಡವೆಂದು ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2021ರಲ್ಲಿ ಹೇಳಿತು. ಹಾಗೆಂದು ಚಿಕುನ್‌ಗುನ್ಯಾ ಬಂದವರು ಕೀಲುಗಳನ್ನು ಅಲುಗಿಸದೆ ತಿಂಗಳುಗಟ್ಟಲೆ ಮಲಗಿರಲೂಬಾರದು, ಕೀಲು ಬಿಗಿದುಕೊಳ್ಳುತ್ತದೆ. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಬೆರಳು ಮಡಚಿ ಬಿಡಿಸುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ದಣಿಯುವ ಮೊದಲೇ ಕೂರುವುದು. 'ದಣಿಯುವ ಮೊದಲೇ' ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ.

ಕೇಳಲು ಸುಲಭ. ಆದರೆ ಯಾರಿಗೆ ಕೂರುವ ಅವಕಾಶವಿದೆ? ಹತ್ತು ಎಕರೆ ನೀರಾವರಿ ಇದ್ದವನು ಒಂದು ತಿಂಗಳು ಕಟ್ಟೆಯ ಮೇಲೆ ಕೂತರೆ ಜನ ಆರೋಗ್ಯ ವಿಚಾರಿಸಿ ಹೋಗುತ್ತಾರೆ. ಕೂಲಿಯವಳು ಮೂರು ದಿನ ಹೋಗದಿದ್ದರೆ ನಾಲ್ಕನೆಯ ದಿನ ಅವಳ ಸಾಲಿನಲ್ಲಿ ಬೇರೊಬ್ಬಳು ನಿಂತಿರುತ್ತಾಳೆ. ಗುತ್ತಿಗೆಯ ಮೇಲೆ ಕಳೆ ತೆಗೆಯುವ ಗುಂಪಿನಲ್ಲಿ ನಿಧಾನಿಸಿದವರಿಂದ ಎಲ್ಲರ ಕೂಲಿಯೂ ತಡವಾಗುತ್ತದೆ, ಆದ್ದರಿಂದ ಗುಂಪೇ ಅವರನ್ನು ಹೊರಗಿಡುತ್ತದೆ. ಮನೆಯೊಳಗೂ ಹೀಗೆಯೇ. ಗಂಡಸಿಗೆ ಜ್ವರ ಬಂದರೆ ಹಾಸಿಗೆ, ಹೆಂಗಸಿಗೆ ಜ್ವರ ಬಂದರೆ ಒಲೆಯ ಮುಂದೆಯೇ ಚಾಪೆ. ವಿಶ್ರಾಂತಿಯೂ ಔಷಧದಂತೆ ಹಂಚಿಕೆಯಾಗಬೇಕಾದ ವಸ್ತು ಎಂದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಬಿತ್ತನೆಗೆ, ರಾಶಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುತ್ತೀರಿ. ಜ್ವರದಿಂದ ಎದ್ದವರ ಹೊಲಕ್ಕೂ ಅದೇ ಲೆಕ್ಕದಲ್ಲಿ ಹೋಗಬಹುದು, ಅವರು ಸುಗ್ಗಿಗೆ ತೀರಿಸುತ್ತಾರೆ. ಸ್ತ್ರೀಶಕ್ತಿ ಸಂಘಗಳು ಇಂಥ ತಿಂಗಳುಗಳಲ್ಲಿ ಸಾಲದ ಕಂತನ್ನು ಮುಂದೂಡಬಹುದು. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ.

ಇನ್ನು ಸಲಾಯಿನ್ ವಿಷಯ. ಸುಸ್ತು ಎಂದೊಡನೆ ಬಾಟಲಿ ಏರಿಸಿಕೊಳ್ಳುವ ರೂಢಿ ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ಅರ್ಧ ಲೀಟರಿನ ಶೇಕಡಾ ಐದರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಸಾದಾ ಸಲಾಯಿನ್ ಆದರೆ ನಾಲ್ಕೂವರೆ ಗ್ರಾಂ ಉಪ್ಪು. ವಾಂತಿಯಾಗಿ ಬಾಯಲ್ಲಿ ಏನೂ ನಿಲ್ಲದಿದ್ದಾಗ ಅದು ಜೀವ ಉಳಿಸುತ್ತದೆ, ನಿಜ. ಎದ್ದು ಓಡಾಡುವವರಿಗೆ ಒಂದು ಲೋಟ ಪಾನಕ, ಒಂದು ಲೋಟ ಮಜ್ಜಿಗೆ ಕೊಡುವುದಕ್ಕಿಂತ ಹೆಚ್ಚಿನದೇನನ್ನೂ ಅದು ಕೊಡುವುದಿಲ್ಲ. ಎರಡು ದಿನದ ಕೂಲಿ ಮಾತ್ರ ಹೋಗುತ್ತದೆ. ಕೀಲುನೋವಿಗೆ ಹೆಸರು ಹೇಳದೆ ಚುಚ್ಚುವ ಸೂಜಿಯ ಬಗ್ಗೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಆ ದಿನ ಹಾರಿಕೊಂಡು ಹೋದಂತೆ ಅನಿಸುತ್ತದೆ, ಪದೇಪದೇ ತೆಗೆದುಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಯಾವ ಸೂಜಿ ಎಂದು ಕೇಳುವುದು ಅಗೌರವವಲ್ಲ, ನಿಮ್ಮ ಹಕ್ಕು.

ದಣಿವೆಲ್ಲವೂ ವೈರಸ್ಸಿನದೇ ಎಂದು ಕೂರುವುದೂ ತಪ್ಪು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಇವು ಸಹ ದಣಿವಾಗಿಯೇ ಬರುತ್ತವೆ. ಹೆಣ್ಣುಮಕ್ಕಳು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ತೂಕ ಇಳಿಯುವುದು, ಜ್ವರ ಮರಳುವುದು, ಎದೆನೋವು, ಮಲಗಿದಾಗ ಉಸಿರು ಕಟ್ಟುವುದು ಕಂಡರೆ ತಡಮಾಡಬಾರದು. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಆ ನೀರು ಕುಡಿದು ಬಿಗಿದ ಬೆನ್ನು, ಮೊಣಕಾಲಿನ ಮೇಲೆಯೇ ಚಿಕುನ್‌ಗುನ್ಯಾ ಬಂದು ಕೂತರೆ, ಯಾವ ನೋವು ಯಾವುದರದೆಂದು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ.

ದಣಿವಿಗೆ ಅಳ್ಳೆದೆ ಕಾರಣವಲ್ಲ ಎಂದೆ. ದಣಿವಿನಿಂದ ಮನಸ್ಸಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ತಿಂಗಳುಗಟ್ಟಲೆ ಕೈಲಾಗದೆ, ಸಾಲ ಬೆಳೆಯುತ್ತ, ಮನೆಯವರ ನೋಟ ಎದುರಿಸುತ್ತ ಕೂತ ಮನುಷ್ಯನ ಮನಸ್ಸು ಕುಗ್ಗದಿದ್ದರೆ ಅದೇ ಆಶ್ಚರ್ಯ. ಸೋಂಕು ನೇರವಾಗಿಯೂ ನಿದ್ರೆ, ನೆನಪು, ಮನಃಸ್ಥಿತಿಗಳನ್ನು ಕದಡುತ್ತದೆ. ಎರಡನ್ನೂ ಗುರುತಿಸಲು ಒಂದು ಒರಟು ಅಳತೆ ಇದೆ. ದಣಿದವನಿಗೆ ಹೊಲಕ್ಕೆ ಹೋಗುವ ಆಸೆ ಇರುತ್ತದೆ, ಮೈ ಬಾರದು. ಖಿನ್ನತೆ ಹಿಡಿದವನಿಗೆ ಆ ಆಸೆಯೇ ಆರಿಹೋಗಿರುತ್ತದೆ. ಮೊಮ್ಮಗು ತೊಡೆ ಏರಿದರೂ ಮುಖ ಅರಳದು, ಊಟ ರುಚಿಸದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದು. ಹೀಗೆ ಎರಡು ವಾರ ಮೀರಿದರೆ ಚಿಕಿತ್ಸೆ ಬೇಕು. ಎರಡೂ ಒಟ್ಟಿಗೇ ಇರಬಹುದು, ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಈ ಚಿಕಿತ್ಸೆ ಹಳ್ಳಿಗೆ ಬರಲಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಅಗತ್ಯ ಮಾತ್ರೆಗಳನ್ನು ಕೇಂದ್ರಗಳಲ್ಲೇ ಇರಿಸಿ, ಮಾನಸಿಕ ಕಾಯಿಲೆಗೆ ಹಳ್ಳಿಯ ಸಮೀಪವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 'ಬಳ್ಳಾರಿ ಮಾದರಿ'ಯೇ ಅಡಿಗಲ್ಲು. ಇಡೀ ದೇಶ ಕಲಿತದ್ದು ನಿಮ್ಮ ನೆರೆಯ ಜಿಲ್ಲೆಯಿಂದ. ಅದರ ಫಲ ಕುಷ್ಟಗಿಯ ಹಳ್ಳಿಗಳಿಗೆ ಎಷ್ಟು ಮುಟ್ಟಿದೆ ಎಂದು ಕೇಳುವ ಅಧಿಕಾರ ನಿಮಗಿದೆ, ಕೇಳಬೇಕು ಕೂಡ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ಈಗಲೇ ಬರೆದುಕೊಳ್ಳಿ, ಮನೆಯ ಗೋಡೆಯ ಮೇಲೂ ಬರೆಯಿರಿ.

ಕೃಷಿ ವಿಜ್ಞಾನಿಯಾಗಿ ನಾನು ಹೇಳಲೇಬೇಕಾದ ಮಾತು ಇನ್ನು ಮುಂದಿದೆ. ನಮ್ಮ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಎಲ್ಲಿರುತ್ತದೆ? ಜಂತಿಯ ಸಂದಿಯಲ್ಲಿ, ಮಂಚದ ಕೆಳಗೆ, ದನದ ಕೊಟ್ಟಿಗೆಯ ಗೂಡಿನಲ್ಲಿ. ಸಾಯಬೇಕೆಂಬ ಆವೇಗ ಅನೇಕರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕೆಲವು ನಿಮಿಷ, ಕೆಲವು ಗಂಟೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಶ್ರೀಲಂಕಾದಲ್ಲಿ 1995ರ ಸುಮಾರಿಗೆ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಆ ಬಳಿಕ ಅಲ್ಲಿನ ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. ಎರಡು ದಶಕಗಳಲ್ಲಿ ಪ್ರಮಾಣ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಬೆಳೆಯ ಇಳುವರಿಗೆ ಅದರಿಂದ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಮ್ಮ ಬಳಗ ವಿಷಮುಕ್ತ ಕೃಷಿಯ ಬಗ್ಗೆ ಹೇಳುವಾಗ ನೆಲ, ನೀರು, ಜೇನುಹುಳುವಿನ ಮಾತಾಡುತ್ತೇವೆ. ಜ್ವರದಿಂದ ಎದ್ದು ಮನಸ್ಸು ಕುಗ್ಗಿ ಕೂತ ಮನುಷ್ಯ ಇರುವ ಮನೆಯ ಮಾತೂ ಅದರೊಳಗೆ ಸೇರಬೇಕು. ಕೂಡಲೇ ಮಾಡಬಹುದಾದದ್ದು ಇಷ್ಟು: ಬೇಕಾದಷ್ಟೇ ಕೊಳ್ಳುವುದು, ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು, ಬೀಗದ ಕೈ ಇನ್ನೊಬ್ಬರ ಬಳಿ ಇರುವುದು.

"ಜೀವ ಸಾಕಾಗಿದೆ" ಎಂದು ಯಾರಾದರೂ ಹೇಳಿದರೆ "ಹಾಗೆಲ್ಲ ಅನ್ನಬಾರದು" ಎಂದು ಬಾಯಿ ಮುಚ್ಚಿಸಬೇಡಿ. "ಸಾಯಬೇಕು ಅನ್ನಿಸುತ್ತಾ ಇದೆಯಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೊರಬಂದ ಮೇಲೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾದೀತು ಎಂಬ ಹೆದರಿಕೆಯಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ.

ನೀರಿನ ಮಾತಿಗೆ ಬರುತ್ತೇನೆಂದು ಹೇಳಿದ್ದೆ. ಚಿಕುನ್‌ಗುನ್ಯಾ, ಡೆಂಗಿ ಎರಡನ್ನೂ ತರುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಿಲ್ಲ. ನಲ್ಲಿ ನಾಲ್ಕಾರು ದಿನಕ್ಕೊಮ್ಮೆ ಬರುವ ಊರಿನಲ್ಲಿ ತಾಯಂದಿರು ಜತನದಿಂದ ತುಂಬಿಟ್ಟ ಹರವಿ, ಬ್ಯಾರಲ್, ಸಿಮೆಂಟಿನ ತೊಟ್ಟಿಯ ತಿಳಿನೀರಿನಲ್ಲಿ ಹುಟ್ಟುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಕಾದದ್ದು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಬರಿದು ಮಾಡಬೇಕು. ಬರಿ ಚೆಲ್ಲಿದರೆ ಸಾಲದು, ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ನಾರಿನಿಂದ ತಿಕ್ಕಿ ತೊಳೆಯಬೇಕು, ಬಟ್ಟೆ ಕಟ್ಟಿ ಮುಚ್ಚಬೇಕು. ಆದರೆ ಇಡೀ ಹೊಣೆಯನ್ನು ಹರವಿ ತೊಳೆಯುವ ಹೆಂಗಸಿನ ಮೇಲೆ ಹಾಕುವುದು ನ್ಯಾಯವಲ್ಲ. ನಲ್ಲಿ ದಿನವೂ ಬಂದರೆ ಯಾರೂ ವಾರಕ್ಕಾಗುವಷ್ಟು ನೀರು ತುಂಬಿಡುವುದಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಗುಡ್ಡದ ಬುಡದಲ್ಲೇ ಇಂಗುವಂತೆ ಬದು, ಗೋಕಟ್ಟೆ, ಕೆರೆಗಳನ್ನು ಉಳಿಸಿಕೊಳ್ಳುವುದು, ಗುಡ್ಡವನ್ನೇ ಕಲ್ಲು ಕ್ವಾರಿಗೆ ಕೊಡದಿರುವುದು ಸಹ ಈ ಜ್ವರದ ತಡೆಗೆ ಸೇರಿದ ಕೆಲಸ.

ನನ್ನ ಮಾತು ಮುಗಿದ ಮೇಲೆ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. "ಜ್ವರ ಬಂದು ಮೂರು ತಿಂಗಳಾತ್ರೀ ಸರ್. ಪುಸ್ತಕ ಹಿಡದ್ರ ಒಂದು ಪುಟ ಓದೂದ್ರಾಗ ತಲಿ ಮಂಜಾಗ್ತದ. ನಾ ಹಿಂಗೇ ಉಳೀತೀನೇನ್ರೀ?"

ಬಹುತೇಕ ಮಂದಿ ನಿಧಾನವಾಗಿ ಚೇತರಿಸಿಕೊಳ್ಳುತ್ತಾರಮ್ಮ ಎಂದೆ. ಡಬ್ಬೋ ಊರಿನಲ್ಲೂ ತಿಂಗಳು ಕಳೆದಂತೆ ದಣಿದವರ ಸಂಖ್ಯೆ ಇಳಿಯುತ್ತಲೇ ಹೋಯಿತು. ಮೊದಲು ರಕ್ತಪರೀಕ್ಷೆ ಮಾಡಿಸು. ಓದನ್ನು ಇಪ್ಪತ್ತು ನಿಮಿಷದ ತುಂಡುಗಳಾಗಿ ಮಾಡಿಕೋ, ನಡುವೆ ಕಣ್ಣು ಮುಚ್ಚಿ ಮಲಗು, ಮಲಗಿದಾಗ ಮೊಬೈಲು ಹಿಡಿಯಬೇಡ. ಬೆಳಗಿನ ನೀರು ಹೊರುವ ಕೆಲಸವನ್ನು ಪರೀಕ್ಷೆ ಮುಗಿಯುವವರೆಗೆ ಯಾರು ವಹಿಸಿಕೊಳ್ಳುತ್ತಾರೆಂದು ಮನೆಯಲ್ಲಿ ಕೇಳು. ಅವಳು ಹಿಂತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ಅಣ್ಣ, "ನಾ ತರ್ತೀನಿ ಬಿಡ್ರೀ" ಎಂದ.